ಚೆಂಡಾಟಗಾರ ಪಾಳವಣಕರ ಬಾಳೂ

ಆಟವಾಡಿ ಹೊಟ್ಟೆ ಹೊರೆಯಲಾದೀತೇ ಎಂದು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಪಾಲಕರು ಕೇಳುವದುಂಟು. ಮಕ್ಕಳು ಬಾಸ್ಕೆಟ್ ಬಾಲ್ ಆಡಿ ಬಟ್ಟೆಯನ್ನೆಲ್ಲ ಕೆಂಪುಮಣ್ಣು ಮಾಡಿಕೊಂಡು ಮನೆಗೆ ಬಂದ ದಿನವಂತೂ ಈ ಪ್ರಶ್ನೆ ತಪ್ಪದು. ಆಟದಿಂದಲೇ ಅನ್ನ ಸಂಪಾದಿಸಿದ, ಆದರೆ ಆ ಅನ್ನವನ್ನು ಬಹುಕಾಲ ಜೊತೆಗಾರರಿಂದ ದೂರ ಕುಳಿತೇ ಉಣ್ಣಬೇಕಾಗಿ ಬಂದ ಕನ್ನಡನಾಡಿನಲ್ಲಿ ಹುಟ್ಟಿದ ಒಬ್ಬ ಪುರುಷನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ನಮ್ಮ ವಾಡಿಯಿಂದ ಹೈದರಾಬಾದಿನ ಕಡೆಗೆ ಉಗಿಬಂಡಿ ಓಡತೊಡಗಿದ್ದು 1874ರಲ್ಲಿ. ಅದಾದ ಒಂದೆರಡು ವರ್ಷಗಳೊಳಗಾಗಿ ಧಾರವಾಡದಲ್ಲಿ ಪಾಳವಣಕರ ಬಾಳೂ ಅವರು ಹುಟ್ಟಿದರು. ಮನೆತನದ ಮೂಲ ಕೊಂಕಣದ ಪಾಳವಣಿ ಗ್ರಾಮ. ಜಾತಿಯು ಚರ್ಮದ ಕೆಲಸದವರದು, ಎಂದರೆ ಆ ಕಾಲದ ಸಮಾಜವು ಅಸ್ಪೃಶ್ಯವೆಂದು ಹೊರಗಿಟ್ಟದ್ದು. ತಂದೆಗೆ ಸೈನ್ಯದ ಚಾಕರಿಯಿದ್ದುದರಿಂದ ಕುಟುಂಬವು ಪುಣೆಗೆ ಹೋಗಿ ನೆಲೆಸಿತು. ಬಾಳೂ ಮತ್ತು ತಮ್ಮಂದಿರು ಬಿಳಿಯ ಸಿಪಾಯಿಗಳು ಎಸೆದುಬಿಟ್ಟ ದಾಂಡು ಚೆಂಡುಗಳಿಂದ ಕ್ರಿಕೆಟ್ ಕಲಿತರು.

ಮನೆಯ ಬಡತನದಿಂದ ಓದು ಬೇಗನೆ ನಿಂತಿತು. ಪಾರಸಿಗಳ ಕ್ರಿಕೆಟ್ ಮೈದಾನದಲ್ಲಿ ನೆಲ ಗುಡಿಸಿ ರೋಲರ್ ಎಳೆಯುವ ಕೆಲಸಕ್ಕೆ ಹುಡುಗನು ಸೇರಿದನು. ಸಂಬಳ ತಿಂಗಳಿಗೆ 3 ರೂಪಾಯಿ. ಮುಂದೆ 1892ರ ಸುಮಾರಿಗೆ ಯುರೋಪಿಯನ್ನರ ಪುಣೆ ಜಿಮಖಾನೆಯಲ್ಲಿ 4 ರೂಪಾಯಿಯ ಚಾಕರಿ ದೊರೆಯಿತು. ಬಲೆ ಕಟ್ಟುವದು, ನೆಲ ಸಮಮಾಡುವದು, ಗೆರೆ ಬಳಿಯುವದು ಇವು ಅವನ ಕೆಲಸಗಳು. ಬಿಡುವಿದ್ದಾಗ ದೊರೆಗಳಿಗೆ ಅಭ್ಯಾಸಕ್ಕೆಂದು ಚೆಂಡು ಎಸೆಯಲಾರಂಭಿಸಿದನು. ಎಡಗೈಯ ನಿಧಾನದ ಎಸೆತ. ಚೆಂಡು ಗಾಳಿಯಲ್ಲಿ ತೇಲಿ ಬಂದು ನೆಲ ಮುಟ್ಟಿದೊಡನೆ ಹಾವಿನಂತೆ ಪಕ್ಕಕ್ಕೆ ಹೊರಳುವದು. ಪುಣೆಯ ಹೆಸರಾಂತ ದಾಂಡುಗಾರ ಕ್ಯಾಪ್ಟನ್ ಗ್ರೇಗ್ ಅವರು ತಮ್ಮನ್ನು ಔಟು ಮಾಡಿದಾಗಲೆಲ್ಲ 8 ಆಣೆ ಇನಾಮು ಕೊಡುತ್ತಿದ್ದರೆಂದು ಹೇಳುತ್ತಾರೆ. ಎಂಟು ಸಲ ಔಟು ಮಾಡಿದರೆ ಒಂದು ತಿಂಗಳ ಪಗಾರವೇ ಕೈಸೇರಿದಂತೆ! ಆದರೆ ತಾಸುಗಟ್ಟಲೆ ಚೆಂಡು ಎಸೆದ ಆ ಹುಡುಗನ ಕೈಗೆ ದಾಂಡನ್ನು ಮಾತ್ರ ಯಾರೂ ಕೊಡಲಿಲ್ಲ. ದಾಂಡು ಹಿಡಿಯುವದು ದೊರೆಗಳ ಹಕ್ಕು. ಬೆವರು ಸುರಿಸುವದು ಚಾಕರನ ಪಾಲು.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲವಿದ್ದಿತು. ಅದಕ್ಕೆ ಬಾಳೂ ಬೇಕು. ಆದರೆ ಬಾಳೂವನ್ನು ಮುಟ್ಟಬಾರದು. ಬಹಳ ಚರ್ಚೆಯಾಗಿ ಕೊನೆಗೆ ತಂಡದಲ್ಲಿ ಸೇರಿಸಿಕೊಂಡರು. ಮೈದಾನದೊಳಗೆ ಒಂದೇ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹದ ಹೊತ್ತಾದೊಡನೆ ಉಳಿದವರು ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ, ಅಂದು ವಿಕೆಟ್ಟುಗಳನ್ನೆಲ್ಲ ಉರುಳಿಸಿದವನಿಗೆ ಹೊರಗೆ ಮಣ್ಣಿನ ಕುಡಿಕೆ. ಊಟದ ತಟ್ಟೆ ಬೇರೆ, ಕೂರುವ ಸ್ಥಳ ಬೇರೆ. ಮುಖ ತೊಳೆಯಲು ನೀರು ತಂದುಕೊಡುವವನೂ ಅವನ ಜಾತಿಯವನೇ ಆಗಬೇಕು. ಒಂದೇ ಚೆಂಡಿಗೆ ತಗಲದ ಮೈಲಿಗೆಯು ಬಟ್ಟಲಿಗೆ ಹೇಗೆ ತಗಲುವದೆಂಬುದು ನಮಗಂತೂ ತಿಳಿಯದು.

ಆಮೇಲೆ ಅವರು ಮುಂಬಯಿಗೆ ಹೋಗಿ ರೇಲ್ವೆಯಲ್ಲಿ ನೌಕರಿ ಹಿಡಿದರು. ಅಲ್ಲಿಯ ಹಿಂದೂ ಜಿಮಖಾನೆಯ ಪರವಾಗಿ ಆಡತೊಡಗಿದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರ ಮೇಲೆ 109 ಓಟಗಳಿಂದ ಜಯಗಳಿಸಿತು. ಎರಡನೆಯ ಸರದಿಯಲ್ಲಿ ದೊರೆಗಳು 102ಕ್ಕೇ ಮುಗಿದುಹೋದರು. ಇದರಲ್ಲಿ ಬಾಳೂ ಅವರ ಕೈಚಳಕವು ದೊಡ್ಡದು. ಅಷ್ಟರಲ್ಲಿ ಮುಂಬಯಿಯ ಆಟಗಾರರು ಅವರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಾರಂಭಿಸಿದ್ದರು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ಹೋಯಿತು. ತಂಡವು 23 ಆಟಗಳಲ್ಲಿ 6ನ್ನು ಮಾತ್ರ ಗೆದ್ದಿತು. ಮಹಾರಾಜರಿಗೆ ಪಟ್ಟಾಭಿಷೇಕದ ಉತ್ಸವಗಳ ಗದ್ದಲದಲ್ಲಿ ಮೈದಾನಕ್ಕೆ ಬರಲು ಹೆಚ್ಚು ಪುರಸತ್ತು ಸಿಗಲಿಲ್ಲ. ಇಂಥ ಸೋಲುಗಳ ನಡುವೆಯೂ ಬಾಳೂ ಒಬ್ಬರೇ 114 ವಿಕೆಟ್ ಕಿತ್ತರು. ಅವರು ಮರಳಿದಾಗ ಮುಂಬಯಿಯಲ್ಲಿ ಅವರ ಜನರು ಸತ್ಕಾರಸಭೆ ನೆರೆಯಿಸಿದರು. ಅಂದಿನ ಮಾನಪತ್ರವನ್ನು ಬರೆದವರು ತರುಣ ಅಂಬೇಡಕರರೆಂದು ಪ್ರತೀತಿ.

ಹಿಂದೂ ತಂಡದಲ್ಲಿ ಅವರಷ್ಟು ಅನುಭವಿಗಳು ಬೇರೊಬ್ಬರಿರಲಿಲ್ಲ. ಆದರೂ ನಾಯಕಪದವಿಯು ವರ್ಷ ವರ್ಷವೂ ಬೇರೆ ಜಾತಿಯವರಿಗೇ ಸಲ್ಲುತ್ತ ಹೋಯಿತು. ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲರೂ ಒಳ್ಳೆಯ ಆಟಗಾರರೇ. 1920ರಲ್ಲಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ನಾಯಕಪದವಿಯಲ್ಲಿ ವಿಠ್ಠಲರನ್ನೂ ಕಡೆಗಣಿಸಿದಾಗ, ಶಿವರಾಮ ವಿಠ್ಠಲರಿಬ್ಬರೂ ಆಡುವದಿಲ್ಲವೆಂದು ಹೊರಬಿದ್ದರು. ಪೇಟೆಯಲ್ಲೂ ಪತ್ರಿಕೆಗಳಲ್ಲೂ ಗಲಾಟೆಯೆದ್ದಿತು. ಕೊನೆಯ ಆಟಕ್ಕೆ ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆತಂದರು. ನಾಯಕರಾದ ಪೈ ಅವರು ಮೈದಾನ ಬಿಟ್ಟು ಹೊರಗಿದ್ದಷ್ಟು ಹೊತ್ತು ಬಾಳೂ ತಂಡವನ್ನು ನಡೆಯಿಸಿದರು. ಅವರಿಗೆ ದೊರೆತ ನಾಯಕತ್ವ ಅಷ್ಟೇ. ಆದರೆ 1923ರಲ್ಲಿ ವಿಠ್ಠಲರು ನಾಯಕರಾದರು, ತಂಡವೂ ಗೆದ್ದಿತು. ಅಣ್ಣನಿಗೆ ತೆರೆಯದ ಬಾಗಿಲು ತಮ್ಮನಿಗೆ ತೆರೆದುದನ್ನು ಅವರು ಕಣ್ಣಾರೆ ಕಂಡರು.

ಅವರ ರಾಜಕೀಯ ಜೀವನವನ್ನು ನಾವು ಬೆಳೆಸಿ ಹೇಳೆವು. 1932ರಲ್ಲಿ ಮಹಾತ್ಮರು ಯರವಡೆಯ ಸೆರೆಮನೆಯಲ್ಲಿ ಉಪವಾಸ ಹೂಡಿದಾಗ, ಅಂಬೇಡಕರರನ್ನು ಒಡಂಬಡಿಕೆಗೆ ಒಪ್ಪಿಸಲು ಯತ್ನಿಸಿದವರಲ್ಲಿ ಬಾಳೂ ಒಬ್ಬರು; ಪುಣೆಯ ಒಪ್ಪಂದಕ್ಕೆ ಅವರ ರುಜುವೂ ಇದೆ. 1937ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನವರು ಅವರನ್ನು ಅಂಬೇಡಕರರಿಗೇ ಇದಿರಾಗಿ ನಿಲ್ಲಿಸಿದರು. ಅಂಬೇಡಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಒಂದು ಕಾಲಕ್ಕೆ ತಮ್ಮನ್ನು ಆದರ್ಶವೆಂದು ಕಂಡಿದ್ದ ತರುಣನ ಮುಂದೆಯೇ ಹೀಗೆ ಸೋಲಬೇಕಾದುದು ಅವರ ಬಾಳಿನ ಅತಿ ಕಹಿಯಾದ ಘಟನೆಯೆಂದು ನಮ್ಮ ಎಣಿಕೆ. ಅವರನ್ನು ಅಲ್ಲಿ ನಿಲ್ಲಿಸಬಾರದಾಗಿತ್ತು.

1955ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ಅವರು ತೀರಿಕೊಂಡರು. ಸಾಂತಾಕ್ರೂಜಿನಲ್ಲಿ ಅಂತ್ಯಸಂಸ್ಕಾರವಾದಾಗ ಎಲ್ಲ ಜಾತಿಯ ಹಳೆಯ ಆಟಗಾರರೂ ಬಂದು ಸೇರಿದ್ದರು.