ಕಿವಿ ಪಳಗಿಸಿದ ಮಹಾರಾಜ

ನಮ್ಮ ನಜರ್‌ಬಾದಿನಿಂದ ನಡೆದೇ ಹೋಗಬಹುದಾದ ಅರಮನೆಯಲ್ಲಿ ಆಳಿದ ಕೊನೆಯ ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್. 1919ರ ಜುಲೈ 18ರಂದು ಜನಿಸಿದ ಅವರಿಗೆ ಪಿಯಾನೊ ವಾದಕರಾಗುವ ಆಸೆ. ಆದರೆ 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. 21ನೇ ವಯಸ್ಸಿಗೇ ಸಿಂಹಾಸನ ಏರಬೇಕಾಯಿತು.

ಬೆರಳಿನ ಆಸೆ ಕೈಗೂಡದಿದ್ದರೂ ಕಿವಿಯ ಸಾಧನೆ ನಿಲ್ಲಲಿಲ್ಲ. ಸಾವಿರಾರು ಗ್ರಾಮಫೋನ್ ತಟ್ಟೆಗಳನ್ನೂ ಬಗೆಬಗೆಯ ಲೌಡ್‌ಸ್ಪೀಕರ್‌ಗಳನ್ನೂ ಕೂಡಿಸಿದರು. ಲಂಡನ್ನಿನಲ್ಲಿ ಕಾಯಿಲೆ, ಬಡತನಗಳಲ್ಲಿದ್ದ ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ತಾವೂ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. 1974ರ ಸೆಪ್ಟೆಂಬರ್ 23ರಂದು ನಿಧನರಾದರು.

1950ರ ಹೊತ್ತಿನ ತಟ್ಟೆಗಳಲ್ಲಿ ಸ್ಟೀರಿಯೊ ಇರಲಿಲ್ಲ. ಇಂದು ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ಮಾಡುವ ಗೆಳೆಯರಿಗೆ ಆ ಭಾಗ್ಯವಿದೆ. ಎರಡು ಪೆಟ್ಟಿಗೆಗಳೂ ನೀವು ಕೂರುವ ಜಾಗವೂ ಸಮಬಾಹು ತ್ರಿಭುಜವಾಗಲಿ. ಗಾಯಕರ ದನಿ ನಡುವೆ ನಿಲ್ಲದೆ ಚದುರಿದರೆ, ಒಂದು ಪೆಟ್ಟಿಗೆಯ ಪ್ಲಸ್, ಮೈನಸ್ ತಂತಿಗಳು ಅದಲುಬದಲಾಗಿವೆಯೇ ನೋಡಿ. ಆಮೇಲೆ ಪೆಟ್ಟಿಗೆಗಳನ್ನು ಸ್ವಲ್ಪಸ್ವಲ್ಪವೇ ನಿಮ್ಮತ್ತ ತಿರುಗಿಸುತ್ತ, ಪ್ರತಿಸಲವೂ ಅದೇ ಹಾಡು ಕೇಳಿ. ಇದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಅರಮನೆಯಲ್ಲಿ ಸ್ಪೀಕರ್‌ಗಳು ಎಷ್ಟಿದ್ದರೂ ಮಹಾರಾಜರಿಗೆ ಇದ್ದದ್ದು ಎರಡೇ ಕಿವಿ. ಅವು ನಮಗೂ ಇವೆ.