ಅಮ್ಮನ ಪಾತ್ರದ ಹಿಂದಿನ ಒಡತಿ: ಎಂ. ವಿ. ರಾಜಮ್ಮ

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಿನಿಮಾ ನಟಿಯೊಬ್ಬರ ಲೇಖನ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಗೊಬ್ಬರ, ಬೀಜ, ಸಾಲ, ವಸೂಲಿ ಇವುಗಳ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬೇಕಾದಷ್ಟಿದೆ. ಇಲ್ಲಿ ನಾವು ಹೇಳಹೊರಟಿರುವುದು ಹಣ ಹೂಡಿದ ಒಬ್ಬ ಹೆಣ್ಣುಮಗಳ ಕತೆ. ಕನ್ನಡದಲ್ಲಿ ಚಿತ್ರ ನಿರ್ಮಿಸಿದ ಮೊದಲ ಮಹಿಳೆ ಎಂ. ವಿ. ರಾಜಮ್ಮ. ನಮ್ಮ ಹಿರಿಯರಿಗೆ ಅವರು ಗೊತ್ತಿರುವುದು ತೆರೆಯ ಮೇಲಿನ ತಾಯಿಯಾಗಿ. ನಿರ್ಮಾಪಕಿ ಅಂದರೆ ಅನೇಕರು ಹೌದೇ ಎಂದು ಹುಬ್ಬೇರಿಸುತ್ತಾರೆ.

ರಾಜಮ್ಮನವರು ಹುಟ್ಟಿದ್ದು 1921ರಲ್ಲಿ, ಆಗಿನ ಮೈಸೂರು ಸಂಸ್ಥಾನದಲ್ಲಿ. ಅದು ನಾಟಕ ಕಂಪನಿಗಳ ಕಾಲ. ಗುಬ್ಬಿ ವೀರಣ್ಣನವರ ಹೆಸರು ಎಲ್ಲರಿಗೂ ಗೊತ್ತು. ಅದೇ ಕಾಲಕ್ಕೆ ಮಹಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯೂ ಒಳ್ಳೆ ಹೆಸರು ಮಾಡಿತ್ತು. ಹೆಣ್ಣಿನ ಪಾತ್ರವನ್ನು ಗಂಡಸರೇ ಸೀರೆ ಉಟ್ಟು ಮಾಡುವ ವಾಡಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಕಂಪನಿ ಸೇರಿದ ಹೆಣ್ಣುಮಕ್ಕಳ ಬಗ್ಗೆ ಊರಿನ ಬಾಯಿ ಹೇಗಿರುತ್ತಿತ್ತು ಅನ್ನುವುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಾಲದಲ್ಲಿ ಹದಿಹರೆಯದ ರಾಜಮ್ಮ ಪೀರ್ ಅವರ ಮಂಡಳಿಯ ನಾಟಕಗಳಲ್ಲಿ ಬಣ್ಣ ಹಚ್ಚಿದರು. ಆ ಮಂಡಳಿಯ ಸಂಸಾರ ನೌಕೆ ಆಗಿನ ಕಾಲಕ್ಕೆ ಹೊಸ ಬಗೆಯ ನಾಟಕ. ಕಿರೀಟವಿಲ್ಲ, ಗದೆಯಿಲ್ಲ, ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವ ಕತೆ. ಬರೆದವರು ಎಚ್. ಎಲ್. ಎನ್. ಸಿಂಹ.

ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ತೆರೆಗೆ ಬಂದದ್ದು 1934ರಲ್ಲಿ. ಅದೇ ವರ್ಷ ಭಕ್ತ ಧ್ರುವ ಬಂತು. ಎರಡೂ ಪುರಾಣದ ಕತೆಗಳೇ. 1936ರಲ್ಲಿ ಸಂಸಾರ ನೌಕೆಯನ್ನು ಸಿಂಹ ಅವರೇ ಚಿತ್ರವಾಗಿ ನಿರ್ದೇಶಿಸಿದರು. ಮನೆಯ ಹಿರಿಯರ ಇಷ್ಟಕ್ಕೆ ವಿರುದ್ಧವಾಗಿ ಮದುವೆಯಾದ ಹುಡುಗ, ಅವನ ಕೈಹಿಡಿದು ಕಷ್ಟಕ್ಕೆ ಬಿದ್ದ ಹುಡುಗಿ. ಕನ್ನಡದ ಮೊದಲ ಸಾಮಾಜಿಕ ಚಿತ್ರ ಅದು. ನಾಯಕ ಬಿ. ಆರ್. ಪಂತುಲು, ನಾಯಕಿ ನಮ್ಮ ರಾಜಮ್ಮ. ಆಗ ಅವರ ವಯಸ್ಸು ಹದಿನೈದರ ಆಸುಪಾಸು, ಲೆಕ್ಕ ಹಾಕಿ ನೋಡಿ! ನಮ್ಮ ಊರಿನ ಹುಡುಗಿಯರು ಈಗ ಹೈಸ್ಕೂಲಿಗೆ ಸೈಕಲ್ ತುಳಿಯುವ ವಯಸ್ಸು.

ಆ ದಿನಗಳಲ್ಲಿ ಸಿನಿಮಾ ತೆಗೆಯುವುದು ಹೇಗಿತ್ತು ಅಂತ ಈಗಿನ ಹುಡುಗರಿಗೆ ಹೇಳಬೇಕು. ಹಿನ್ನೆಲೆ ಗಾಯನ ಅನ್ನುವುದು ಆಮೇಲೆ ಬಂದದ್ದು. ಮೊದಮೊದಲು ನಟಿಸುವವರೇ ಹಾಡಬೇಕು, ಅದೂ ಕ್ಯಾಮೆರಾ ಓಡುತ್ತಿರುವಾಗಲೇ. ತಲೆಯ ಮೇಲೆ ಮೈಕು ತೂಗಾಡುತ್ತಿರುತ್ತದೆ, ವಾದ್ಯದವರು ಚಿತ್ರದಲ್ಲಿ ಬೀಳದ ಹಾಗೆ ಪಕ್ಕದಲ್ಲಿ ಕೂತು ನುಡಿಸಬೇಕು. ಶ್ರುತಿ ತಪ್ಪಿದರೆ ಎಲ್ಲಾ ಮೊದಲಿಂದ. ಮುಖವೊಂದೇ ಚೆನ್ನಾಗಿದ್ದರೆ ಸಾಲದು, ಕಂಠ ಬೇಕು, ಧೈರ್ಯವೂ ಬೇಕು. ರಾಜಮ್ಮನವರಿಗೆ ಮೂರೂ ಇತ್ತು.

ಕನ್ನಡದಲ್ಲಿ ವರ್ಷಕ್ಕೆ ಒಂದೋ ಎರಡೋ ಚಿತ್ರ ಬಂದರೆ ಹೆಚ್ಚು, ಕೆಲವು ವರ್ಷ ಅದೂ ಇಲ್ಲ. ನಮ್ಮ ಸೀಮೆಯಲ್ಲಿ ಸ್ಟುಡಿಯೋ ಅನುಕೂಲ ಅಷ್ಟಕ್ಕಷ್ಟೆ. ಕನ್ನಡದ ಕಲಾವಿದರು ಮದರಾಸು, ಸೇಲಂ, ಕೊಯಮತ್ತೂರು, ಕೊಲ್ಹಾಪುರ ಅಂತ ಅಲೆಯಬೇಕಾಗಿತ್ತು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ರಾಜಮ್ಮನವರೂ ತಮಿಳಿಗೆ ಹೋದರು. 1940ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್‌ನವರ ಉತ್ತಮ ಪುತ್ತಿರನ್ ಚಿತ್ರದಲ್ಲಿ ಪಿ. ಯು. ಚಿನ್ನಪ್ಪ ಅವರಿಗೆ ನಾಯಕಿಯಾದರು. ಚಿನ್ನಪ್ಪ ದ್ವಿಪಾತ್ರ ಮಾಡಿದ ಹೆಸರಾಂತ ಚಿತ್ರ ಅದು. ಮರುವರ್ಷ ಗುಮಾಸ್ತಾವಿನ್ ಪೆಣ್. ಇಷ್ಟರಲ್ಲಿ ಅವರು ತಮಿಳುನಾಡಿನ ಮನೆಮಾತು.

ಇಲ್ಲಿಗೇ ನಿಂತಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ತಮಿಳಿನಲ್ಲಿ ಕೈತುಂಬ ಕೆಲಸ ಇರುವಾಗ, ಇಪ್ಪತ್ತೆರಡರ ವಯಸ್ಸಿನಲ್ಲಿ ಈ ಹೆಣ್ಣುಮಗಳು ಕನ್ನಡಕ್ಕೆ ತಿರುಗಿ ಬಂದು ಚಿತ್ರ ನಿರ್ಮಾಣಕ್ಕೆ ಕೈಹಾಕಿದರು. 1943ರ ರಾಧಾರಮಣ. ಕಾಲ ಎಂಥದು ನೋಡಿ: ಎರಡನೇ ಮಹಾಯುದ್ಧ ನಡೆಯುತ್ತಿದೆ. ನಮ್ಮ ಹಿರಿಯರಿಗೆ ಆ ರೇಷನ್ ಕಾಲದ ಸೀಮೆಎಣ್ಣೆ, ಬಟ್ಟೆ, ಅಕ್ಕಿಯ ಪಾಡು ಗೊತ್ತು. ಸಿನಿಮಾದವರಿಗೆ ಫಿಲಂ ಸುರುಳಿಗೂ ಅದೇ ಪಾಡು. ಹೊರದೇಶದಿಂದ ಬರಬೇಕಾದ ಫಿಲಂ ಹಡಗಿನಲ್ಲಿ ಬರುವುದೇ ಕಷ್ಟವಾಗಿ, ಒಂದು ಚಿತ್ರ 11,000 ಅಡಿ ಮೀರಬಾರದು ಅಂತ ಸರ್ಕಾರ 1942ರಲ್ಲಿ ಕಟ್ಟಳೆ ಮಾಡಿತು. 1943ರಲ್ಲಿ ಫಿಲಂ ಹಂಚಿಕೆಯೇ ಸರ್ಕಾರದ ಕೈಗೆ ಹೋಯಿತು. ಅನುಭವಸ್ಥ ಗಂಡಸರೇ ಕೈಕಟ್ಟಿ ಕೂತ ಕಾಲ. ಕನ್ನಡ ಚಿತ್ರ ಓಡುವ ಸೀಮೆಯೋ ಚಿಕ್ಕದು, ಥಿಯೇಟರುಗಳು ಕಡಿಮೆ. ಹಾಕಿದ ದುಡ್ಡು ಬಂದೀತೆಂಬ ಭರವಸೆ ಯಾರೂ ಕೊಡುವಂತಿರಲಿಲ್ಲ.

ನಮ್ಮ ಸಂಘದಲ್ಲಿ ಮಳೆ ನಂಬಿ ಸಾಲ ಎತ್ತಿದವರಿಗೆ ಈ ಸಂಕಟ ತಿಳಿಯುತ್ತದೆ. ಬೆಳೆ ಹೋದರೆ ಮುಂದಿನ ವರ್ಷ ನೆಲವಾದರೂ ಇರುತ್ತದೆ. ಚಿತ್ರ ಬಿದ್ದರೆ ಡಬ್ಬಿಯಲ್ಲಿ ಸುತ್ತಿಟ್ಟ ಸುರುಳಿ ಬಿಟ್ಟು ಏನೂ ಉಳಿಯುವುದಿಲ್ಲ. ಅಂಥ ಕಡೆ ಒಬ್ಬ ಹೆಂಗಸು ನಿರ್ಮಾಪಕಿ ಅಂತ ತನ್ನ ಹೆಸರಿಟ್ಟು ನಿಂತದ್ದು ಸಣ್ಣ ಮಾತಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ, ಯಾರೂ ಬೇಜಾರು ಮಾಡಿಕೊಳ್ಳಬಾರದು. ಎಷ್ಟೋ ಊರುಗಳ ಷೇರು ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿದೆ, ಸಭೆಗೆ ಬಂದು ಕೂರುವುದು ಮಾತ್ರ ಅವರ ಯಜಮಾನರು. ರಾಜಮ್ಮನವರು ಹೆಸರನ್ನೂ ಕೊಟ್ಟರು, ಕೆಲಸವನ್ನೂ ಮಾಡಿದರು, ಆ ಚಿತ್ರದಲ್ಲಿ ಪಾತ್ರವನ್ನೂ ಮಾಡಿದರು.

ರಾಧಾರಮಣ ಕನ್ನಡಕ್ಕೆ ಇನ್ನೊಂದು ಉಪಕಾರ ಮಾಡಿತು. ನಾಟಕದಿಂದ ಬಂದ ಇಬ್ಬರು ಆ ಚಿತ್ರದಲ್ಲಿ ಮೊದಲ ಸಲ ತೆರೆಗೆ ಬಂದರು. ಒಬ್ಬರು ಟಿ. ಎನ್. ಬಾಲಕೃಷ್ಣ, ಇನ್ನೊಬ್ಬರು ಜಿ. ವಿ. ಅಯ್ಯರ್. ಬಾಲಣ್ಣನವರ ಮುಖ ಕಂಡರೆ ಟೆಂಟಿನಲ್ಲಿ ನಗು ಏಳುತ್ತಿದ್ದುದನ್ನು ನಮ್ಮ ಊರಿನವರು ಮರೆತಿಲ್ಲ. ಅಯ್ಯರ್ ಮುಂದೆ 1983ರಲ್ಲಿ ಸಂಸ್ಕೃತದಲ್ಲಿ ಆದಿ ಶಂಕರಾಚಾರ್ಯ ತೆಗೆದು ರಾಷ್ಟ್ರದ ಗಮನ ಸೆಳೆದರು. ಇಬ್ಬರಿಗೂ ಬಾಗಿಲು ತೆರೆದದ್ದು ರಾಜಮ್ಮನವರ ಚಿತ್ರ.

ಆಮೇಲೆ ಮತ್ತೆ ತಮಿಳು. 1948ರ ಜ್ಞಾನಸೌಂದರಿ ಅಲ್ಲಿನ ಜನ ಬಹಳ ಮೆಚ್ಚಿದ ಚಿತ್ರ. ವರ್ಷ ಕಳೆದಂತೆ ನಾಯಕಿಯ ಪಾತ್ರ ಹೋಗಿ ತಾಯಿಯ ಪಾತ್ರ ಬಂತು. ಗಂಡಸರಿಗೆ ಐವತ್ತಾದರೂ ಮರ ಸುತ್ತಿ ಹಾಡುವ ಅವಕಾಶ, ಹೆಂಗಸರಿಗೆ ಮೂವತ್ತೈದಕ್ಕೇ ನರೆಗೂದಲು! ರಾಜಮ್ಮನವರು ಆ ಪಾತ್ರಗಳಲ್ಲೇ ತಮ್ಮ ಛಾಪು ಒತ್ತಿದರು.

ಹಳೇ ಜೊತೆಗಾರ ಪಂತುಲು ಅಷ್ಟರಲ್ಲಿ ಪದ್ಮಿನಿ ಪಿಕ್ಚರ್ಸ್ ಕಟ್ಟಿ ನಿರ್ದೇಶಕರಾಗಿದ್ದರು. 1958ರ ಸ್ಕೂಲ್ ಮಾಸ್ಟರ್ ಚಿತ್ರದಲ್ಲಿ ಅವರೇ ಮೇಷ್ಟ್ರು, ರಾಜಮ್ಮ ಮೇಷ್ಟ್ರ ಹೆಂಡತಿ. ಟೂರಿಂಗ್ ಟಾಕೀಸಿನಲ್ಲಿ ಈ ಚಿತ್ರ ನೋಡಿದ ನಮ್ಮ ಹಿರಿಯರು ಇವತ್ತಿಗೂ ಕತೆಯನ್ನು ಬಾಯಿಪಾಠವಾಗಿ ಹೇಳುತ್ತಾರೆ. ಊರಿನ ಮಕ್ಕಳನ್ನೆಲ್ಲ ಮನುಷ್ಯರನ್ನಾಗಿ ಮಾಡಿದ ಮೇಷ್ಟ್ರು ನಿವೃತ್ತರಾದ ಮೇಲೆ ಸ್ವಂತ ಮಕ್ಕಳಿಗೇ ಭಾರವಾಗುತ್ತಾರೆ. ಮನೆ ಸಾಲಕ್ಕೆ ಸಿಕ್ಕಿ ಹರಾಜಿಗೆ ಬರುತ್ತದೆ. ಕೈಹಿಡಿಯುವುದು ಹಳೇ ಶಿಷ್ಯ. ಆ ಪಾತ್ರದಲ್ಲಿ ಬಂದವರು ಶಿವಾಜಿ ಗಣೇಶನ್. ಗಂಡನಿಂದ ದೂರವಾಗಿ ಮಗನ ಮನೆಯಲ್ಲಿ ಬಾಯಿಮುಚ್ಚಿಕೊಂಡು ದಿನ ದೂಡುವ ಮುದಿ ತಾಯಿಯನ್ನು ಕಂಡು ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋಗುತ್ತಿದ್ದರು. ಚಿತ್ರ ಬೆಳ್ಳಿಹಬ್ಬ ಆಚರಿಸಿತು. ಇದೇ ಕತೆ ಆಮೇಲೆ ಬೇರೆ ಬೇರೆ ಭಾಷೆಗಳಿಗೆ ಹೋಯಿತು. ರಾಜಮ್ಮ ಅಷ್ಟು ಮಾತು ಕಡಿಮೆ ಆಡಿ ಅಷ್ಟು ಅಳಿಸಿದ್ದು ನಮಗೆ ಅವರ ಎಲ್ಲ ಪಾತ್ರಗಳಿಗಿಂತ ಹೆಚ್ಚಿನದಾಗಿ ಕಾಣುತ್ತದೆ.

1961ರ ಕಿತ್ತೂರು ಚೆನ್ನಮ್ಮದಲ್ಲಿ ಹಿರಿಯ ರಾಣಿ ರುದ್ರಮ್ಮನಾಗಿ ಬಂದರು. 1970ರ ಶ್ರೀ ಕೃಷ್ಣದೇವರಾಯ, 1971ರ ತಾಯಿ ದೇವರು ಇವನ್ನೂ ಬಲ್ಲವರು ಬಲ್ಲರು. ತಮಿಳಿನಲ್ಲಿ ಪಂತುಲು 1964ರಲ್ಲಿ ತೆಗೆದ ಕರ್ಣನ್ ಚಿತ್ರದಲ್ಲಿ ರಾಜಮ್ಮ ಕುಂತಿ, ಶಿವಾಜಿ ಗಣೇಶನ್ ಕರ್ಣ, ಎನ್. ಟಿ. ರಾಮರಾವ್ ಕೃಷ್ಣ. ಮಗನಾದ ಶಿವಾಜಿಗಿಂತ ತಾಯಿಯಾದ ರಾಜಮ್ಮ ಏಳೇ ವರ್ಷ ದೊಡ್ಡವರು. ಹೆತ್ತ ಮಗನನ್ನು ನೀರಿಗೆ ಬಿಟ್ಟ ತಾಯಿಯ ಸಂಕಟಕ್ಕೆ ವಯಸ್ಸಿನ ಲೆಕ್ಕ ಅಡ್ಡ ಬರಲಿಲ್ಲ.

ಪಂತುಲು 1974ರಲ್ಲಿ ತೀರಿಕೊಂಡರು. ರಾಜಮ್ಮನವರು 1999ರಲ್ಲಿ ಕಣ್ಣುಮುಚ್ಚಿದರು. ಅದಾಗಿ 13 ವರ್ಷಕ್ಕೆ, 2012ರಲ್ಲಿ, ಕರ್ಣನ್ ಚಿತ್ರವನ್ನು ಹೊಸ ತಂತ್ರದಿಂದ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದರು. ಚೆನ್ನೈನಲ್ಲಿ ಜನ ಸಾಲುಗಟ್ಟಿ ನೋಡಿದರು, ಚಿತ್ರ ನೂರು ದಿನ ದಾಟಿ ಓಡಿತು.