ಪಾಲ್ವಂಕರ್ ಬಾಲೂ

ಪಾಲ್ವಂಕರ್ ಬಾಲೂ (19 ಮಾರ್ಚ್ 1876 – 4 ಜುಲೈ 1955) ಧಾರವಾಡದಲ್ಲಿ ಜನಿಸಿದ ಭಾರತೀಯ ಕ್ರಿಕೆಟ್ ಆಟಗಾರರು ಮತ್ತು ಸಾರ್ವಜನಿಕ ಕಾರ್ಯಕರ್ತರು. ಎಡಗೈ ಸ್ಪಿನ್ ಬೌಲರ್ ಆಗಿದ್ದ ಅವರನ್ನು ಭಾರತೀಯ ಕ್ರಿಕೆಟ್‌ನ ಮೊದಲ ಶ್ರೇಷ್ಠ ಬೌಲರ್‌ಗಳಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ. ಅಸ್ಪೃಶ್ಯವೆಂದು ದೂರವಿಡಲ್ಪಟ್ಟಿದ್ದ ಸಮುದಾಯದಿಂದ ಬಂದು ಉನ್ನತ ದರ್ಜೆಯ ಕ್ರಿಕೆಟ್‌ನಲ್ಲಿ ಹೆಸರು ಮಾಡಿದ ಮೊದಲ ಭಾರತೀಯ ಆಟಗಾರರೂ ಅವರೇ. ಮೈದಾನದ ಕೂಲಿ ಕೆಲಸದಿಂದ ಆರಂಭವಾದ ಅವರ ಜೀವನವು 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದವರೆಗೆ ಸಾಗಿತು. ಆದರೆ ತಮ್ಮ ತಂಡದ ನಾಯಕತ್ವ ಮಾತ್ರ ಅವರಿಗೆ ಕೊನೆಯವರೆಗೂ ದೊರೆಯಲಿಲ್ಲ.

ಜನನ ಮತ್ತು ಹಿನ್ನೆಲೆ

ಬಾಲೂ ಜನಿಸಿದಾಗ ಧಾರವಾಡವು ಮುಂಬಯಿ ಪ್ರಾಂತ್ಯದ ಜಿಲ್ಲಾ ಕೇಂದ್ರವಾಗಿತ್ತು. ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ, ಶಿಗ್ಗಾಂವಿ ಮತ್ತು ಹಿರೇಕೆರೂರು ಪ್ರದೇಶಗಳು ಆಗ ಅದೇ ಜಿಲ್ಲೆಯ ಭಾಗವಾಗಿದ್ದವು. ನೆರೆಯ ಸವಣೂರು ನವಾಬರ ಸಂಸ್ಥಾನವಾಗಿತ್ತು. ಬಾಲೂ ಅವರ ಕುಟುಂಬದ ಮೂಲ ಕೊಂಕಣ ತೀರದ ಪಾಲ್ವಣ ಗ್ರಾಮ. ಮನೆತನದ ಹೆಸರು ಬಂದದ್ದು ಆ ಊರಿನಿಂದಲೇ. ಅವರು ಚಮ್ಮಾರ ಸಮುದಾಯಕ್ಕೆ ಸೇರಿದವರು. ತಂದೆ ಸೈನ್ಯದ ಸೇವೆಯಲ್ಲಿದ್ದುದರಿಂದ ಕುಟುಂಬವು ಪುಣೆಗೆ ಬಂದು ನೆಲೆಸಿತು. ಅಲ್ಲಿ ಸೈನ್ಯಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಿಂದ ಬಾಲೂ ಮತ್ತು ತಮ್ಮ ಶಿವರಾಮ ಕ್ರಿಕೆಟ್ ಕಲಿತರು. ಕಿರಿಯ ಸಹೋದರರಾದ ಗಣಪತ ಮತ್ತು ವಿಠ್ಠಲ ಕೂಡ ಮುಂದೆ ಹೆಸರಾಂತ ಆಟಗಾರರಾದರು.

ಪುಣೆಯ ದಿನಗಳು

ಬಾಲೂ ಅವರ ಮೊದಲ ಉದ್ಯೋಗ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಆಗೊಮ್ಮೆ ಈಗೊಮ್ಮೆ ಸದಸ್ಯರಿಗೆ ಚೆಂಡು ಎಸೆಯುವುದು ಅವರ ಕೆಲಸವಾಗಿತ್ತು. ಇದಕ್ಕೆ ತಿಂಗಳಿಗೆ 3 ರೂಪಾಯಿ ಸಂಬಳ. ನಂತರ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಸಂಬಳ 4 ರೂಪಾಯಿಗೆ ಏರಿತು. ಅಭ್ಯಾಸಕ್ಕೆ ಬಲೆ ಕಟ್ಟುವುದು, ಪಿಚ್ ಸಿದ್ಧಪಡಿಸುವುದು, ಟೆನಿಸ್ ಅಂಗಣಕ್ಕೆ ಗೆರೆ ಹಾಕುವುದು ಮೊದಲಾದ ಕೆಲಸಗಳು ಅವರ ಪಾಲಿಗೆ ಬಂದವು.

ಆ ಕಾಲದ ಪ್ರಮುಖ ಬ್ಯಾಟ್ಸ್‌ಮನ್ ಆಗಿದ್ದ ಸೇನಾಧಿಕಾರಿ ಜೆ. ಜಿ. ಗ್ರೇಗ್ ಇತರ ಸದಸ್ಯರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಗಳನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಅವರು ಎಂಟಾಣೆ ಕೊಡುತ್ತಿದ್ದರು ಎಂಬ ಮಾತು ಪ್ರಚಲಿತವಾಗಿದೆ. ದಿನವೂ ಗಂಟೆಗಟ್ಟಲೆ ಎಸೆದ ಈ ಅಭ್ಯಾಸವು ಬಾಲೂ ಅವರ ಬೌಲಿಂಗಿಗೆ ನಿಖರತೆ ಮತ್ತು ವೈವಿಧ್ಯವನ್ನು ತಂದುಕೊಟ್ಟಿತು. ಆದರೆ ಬ್ಯಾಟಿಂಗ್ ಕ್ಲಬ್ಬಿನ ಬಿಳಿಯ ಸದಸ್ಯರ ಹಕ್ಕಾಗಿತ್ತು. ಬಾಲೂ ಅವರಿಗೆ ಅಲ್ಲಿ ಬ್ಯಾಟ್ ಹಿಡಿಯುವ ಅವಕಾಶವಿರಲಿಲ್ಲ.

ಇದೇ ಸಮಯದಲ್ಲಿ ಪುಣೆಯ ಹಿಂದೂ ಕ್ಲಬ್ ಯುರೋಪಿಯನ್ನರನ್ನು ಸೋಲಿಸಲು ಪ್ರಯತ್ನಿಸುತ್ತಿತ್ತು. ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಳ್ಳುವ ವಿಷಯದಲ್ಲಿ ಸದಸ್ಯರೊಳಗೆ ಭಿನ್ನಾಭಿಪ್ರಾಯ ಮೂಡಿತು. ಕೆಲವು ಬ್ರಾಹ್ಮಣ ಸದಸ್ಯರು ವಿರೋಧಿಸಿದರು. ಗೆಲುವಿಗೆ ಅವರ ಬೌಲಿಂಗ್ ಅನಿವಾರ್ಯವೆಂಬ ವಾದ ಕೊನೆಗೆ ಮೇಲುಗೈ ಪಡೆಯಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ವಿರಾಮದ ವೇಳೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಳಸಿ ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು ಇತ್ತು. ಸಾತಾರಾದಲ್ಲಿ ಯುರೋಪಿಯನ್ನರ ವಿರುದ್ಧ ಏಳು ವಿಕೆಟ್ ಪಡೆದು ತಂಡವನ್ನು ಗೆಲ್ಲಿಸಿದ ಮೇಲೆ ಮಹಾದೇವ ಗೋವಿಂದ ರಾನಡೆ ಮತ್ತು ಬಾಲ ಗಂಗಾಧರ ತಿಲಕ್ ಅವರಂತಹ ಮುಖಂಡರು ಬಾಲೂ ಅವರನ್ನು ಸಾರ್ವಜನಿಕವಾಗಿ ಗೌರವಿಸಿದರು.

ಮುಂಬಯಿ ಮತ್ತು 1906ರ ಗೆಲುವು

1890ರ ದಶಕದ ಕೊನೆಯ ಭಾಗದಲ್ಲಿ ಬಾಲೂ ಮುಂಬಯಿಗೆ ತೆರಳಿದರು. ಆಗ ಭಾರತದಲ್ಲಿ ಕ್ರಿಕೆಟ್ ಆಡಿಯೇ ಜೀವನ ಸಾಗಿಸುವ ವ್ಯವಸ್ಥೆ ಇರಲಿಲ್ಲ. ಸಂಸ್ಥಾನಗಳ ಅರಸರು ಅಥವಾ ರೈಲ್ವೆಯಂತಹ ಸಂಸ್ಥೆಗಳು ಕೊಡುವ ಕೆಲಸವೇ ನುರಿತ ಆಟಗಾರರಿಗೆ ಆಧಾರವಾಗಿತ್ತು. ಬಾಲೂ ರೈಲ್ವೆ ನೌಕರಿ ಪಡೆದು, ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ ಪರವಾಗಿ ಆಡತೊಡಗಿದರು. ಅಲ್ಲಿಯೂ ಅವರ ಸೇರ್ಪಡೆಗೆ ಕೆಲವರ ಆಕ್ಷೇಪವಿತ್ತು.

1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಮುಂಬಯಿಯಲ್ಲಿ ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು 242 ಮತ್ತು 160 ರನ್ ಗಳಿಸಿದರೆ, ಯುರೋಪಿಯನ್ನರು 191 ಮತ್ತು 102 ರನ್‌ಗಳಿಗೆ ಆಲೌಟಾದರು. 109 ರನ್‌ಗಳ ಈ ಗೆಲುವಿನಲ್ಲಿ ಬಾಲೂ ಪ್ರಮುಖ ಪಾತ್ರ ವಹಿಸಿದರು. ಶಿವರಾಮ ಕೂಡ ಆ ತಂಡದಲ್ಲಿದ್ದರು. ಸ್ವದೇಶಿ ಚಳವಳಿ ಬಿರುಸಾಗಿದ್ದ ದಿನಗಳಲ್ಲಿ ಬಂದ ಈ ಗೆಲುವು ಕ್ರೀಡೆಯ ಆಚೆಗೂ ಮಹತ್ವ ಪಡೆಯಿತು. ಪುಣೆಯಲ್ಲಿ ಹೊರಗೆ ನಿಂತು ಚಹಾ ಕುಡಿಯಬೇಕಾಗಿದ್ದ ಆಟಗಾರ ಮುಂಬಯಿಯಲ್ಲಿ ಸಹ ಆಟಗಾರರ ಪಂಕ್ತಿಯಲ್ಲೇ ಊಟಕ್ಕೆ ಕುಳಿತದ್ದನ್ನು ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಸಮಾಜ ಸುಧಾರಣೆಯ ಮೈಲಿಗಲ್ಲೆಂದು ಗುರುತಿಸಿತು.

1911ರ ಇಂಗ್ಲೆಂಡ್ ಪ್ರವಾಸ

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ತೆರಳಿತು. ಬಾಲೂ ಮತ್ತು ಶಿವರಾಮ ಇಬ್ಬರೂ ಆಯ್ಕೆಯಾದರು. ತಂಡವು ಆಡಿದ 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು ಮಾತ್ರ, ಲೀಸೆಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ವಿರುದ್ಧ. ತಂಡ ಸೋಲುತ್ತಲೇ ಇದ್ದರೂ ಬಾಲೂ ಪ್ರವಾಸದ ಎಲ್ಲ ಪಂದ್ಯಗಳಲ್ಲಿ ಒಟ್ಟು 114 ವಿಕೆಟ್‌ಗಳನ್ನು 18.84ರ ಸರಾಸರಿಯಲ್ಲಿ ಪಡೆದರು. ಇವುಗಳಲ್ಲಿ 75 ವಿಕೆಟ್‌ಗಳು ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಆಗ ಅವರ ವಯಸ್ಸು 35. ಮರಳಿ ಬಂದ ಮೇಲೆ ಮುಂಬಯಿಯ ಶೋಷಿತ ವರ್ಗಗಳ ಜನರು ಅವರನ್ನು ಸನ್ಮಾನಿಸಿದರು. ಆಗ ಯುವಕರಾಗಿದ್ದ ಬಿ. ಆರ್. ಅಂಬೇಡ್ಕರ್ ಅವರಿಗೂ ಬಾಲೂ ಅಭಿಮಾನದ ವ್ಯಕ್ತಿಯಾಗಿದ್ದರು.

ನಾಯಕತ್ವದ ವಿವಾದ

ಮುಸ್ಲಿಂ ತಂಡದ ಸೇರ್ಪಡೆಯೊಂದಿಗೆ ಮುಂಬಯಿಯ ಪಂದ್ಯಾವಳಿ 1912ರಿಂದ ಚತುಷ್ಕೋನ ಸ್ಪರ್ಧೆಯಾಯಿತು. ಅನುಭವ ಮತ್ತು ಸಾಧನೆಗಳೆರಡರಲ್ಲೂ ಬಾಲೂ ಹಿಂದೂ ತಂಡದ ಹಿರಿಯರಾಗಿದ್ದರೂ ನಾಯಕರಾಗಿ ಆಯ್ಕೆಯಾಗುತ್ತಿದ್ದವರು ಮೇಲ್ಜಾತಿಯ ಆಟಗಾರರು. ನಾಯಕರಾಗಿದ್ದ ಎಂ. ಡಿ. ಪೈ ಅವರೇ ಒಮ್ಮೆ ಈ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ಸಾರ್ವಜನಿಕವಾಗಿ ಒಪ್ಪಿಕೊಂಡರು.

1920ರಲ್ಲಿ ವಿವಾದ ತೀವ್ರವಾಯಿತು. ಪೈ ಅಸ್ವಸ್ಥರಾದಾಗ ವಿಠ್ಠಲ ಅವರನ್ನು ಬಿಟ್ಟು ಡಿ. ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಲಾಯಿತು. ಜಾತಿಯೇ ಇದಕ್ಕೆ ಕಾರಣವೆಂದು ಪ್ರತಿಭಟಿಸಿ ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರಬಂದರು. ಬಳಿಕ ರಾಜಿಯಾಗಿ, ಬಾಲೂ ಅವರಿಗೆ ಉಪನಾಯಕ ಸ್ಥಾನ ದೊರೆಯಿತು. ಪೈ ಮೈದಾನದಿಂದ ಹೊರಗುಳಿದ ಹೊತ್ತಿನಲ್ಲಿ ಅವರು ತಂಡವನ್ನು ಮುನ್ನಡೆಸಿದರು. ಅದು ಅವರ ಕೊನೆಯ ಋತುವೂ ಆಗಿತ್ತು. ಅಣ್ಣನಿಗೆ ಸಿಗದ ಸ್ಥಾನ 1923ರಲ್ಲಿ ವಿಠ್ಠಲ ಅವರಿಗೆ ಸಿಕ್ಕಿತು. ಆ ವರ್ಷ ಹಿಂದೂ ತಂಡವು ಯುರೋಪಿಯನ್ನರನ್ನು ಸೋಲಿಸಿ ಪಂದ್ಯಾವಳಿಯನ್ನು ಗೆದ್ದಿತು.

ಬಾಲೂ ಆಡಿದ 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದಿದ್ದಾರೆ. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಹೀಗಾಗಿ ಅವರ ಹೆಸರು ಟೆಸ್ಟ್ ದಾಖಲೆಗಳಲ್ಲಿ ಕಾಣಸಿಗುವುದಿಲ್ಲ.

ಸಾರ್ವಜನಿಕ ಜೀವನ

ನಿವೃತ್ತಿಯ ನಂತರ ಬಾಲೂ ರಾಜಕೀಯದಲ್ಲಿ ತೊಡಗಿಕೊಂಡರು. 1932ರಲ್ಲಿ ಬ್ರಿಟಿಷ್ ಸರ್ಕಾರ ಶೋಷಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರ ಘೋಷಿಸಿದಾಗ ಅವರು ಎಂ. ಸಿ. ರಾಜಾ ಅವರೊಂದಿಗೆ ಅದನ್ನು ವಿರೋಧಿಸಿ, ಗಾಂಧೀಜಿಯವರ ನಿಲುವನ್ನು ಬೆಂಬಲಿಸಿದರು. ಇದರಿಂದ ಅಂಬೇಡ್ಕರ್ ಅವರೊಂದಿಗೆ ಭಿನ್ನಾಭಿಪ್ರಾಯ ಉಂಟಾಯಿತಾದರೂ, ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಇಬ್ಬರೂ ಇದ್ದರು. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಬಾಲೂ ಅವರನ್ನು ಅಂಬೇಡ್ಕರ್ ವಿರುದ್ಧ ಕಣಕ್ಕಿಳಿಸಿತು. ಅಂಬೇಡ್ಕರ್ 13,245 ಮತಗಳನ್ನು ಪಡೆದು ಗೆದ್ದರು. ಬಾಲೂ ಅವರಿಗೆ 11,225 ಮತಗಳು ಬಂದವು.

ನಿಧನ ಮತ್ತು ಸ್ಮರಣೆ

ಬಾಲೂ 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು. ಬಹುಕಾಲ ಮರೆಯಲ್ಲೇ ಉಳಿದಿದ್ದ ಅವರ ಜೀವನವನ್ನು ಇತಿಹಾಸಕಾರ ರಾಮಚಂದ್ರ ಗುಹಾ 2002ರಲ್ಲಿ ಪ್ರಕಟವಾದ ಭಾರತೀಯ ಕ್ರಿಕೆಟ್‌ನ ಸಾಮಾಜಿಕ ಇತಿಹಾಸದ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಆ ಬಳಿಕ ಬಾಲೂ ಅವರ ಹೆಸರು ಮತ್ತೆ ಜನರ ಗಮನಕ್ಕೆ ಬಂದಿತು. ಭಾರತೀಯ ಕ್ರೀಡೆ ಮತ್ತು ಜಾತಿ ವ್ಯವಸ್ಥೆಯ ಸಂಬಂಧವನ್ನು ಅಧ್ಯಯನ ಮಾಡುವವರು ಇಂದಿಗೂ ಪಾಲ್ವಂಕರ್ ಸಹೋದರರ ಬದುಕನ್ನು ಮುಖ್ಯ ನಿದರ್ಶನವಾಗಿ ಪರಿಗಣಿಸುತ್ತಾರೆ.